ಮುಕ್ಕಾಲು ಸುತ್ತು

ಶನಿವಾರ ಮಧ್ಯಾಹ್ನ ಕಾರ್ಖಾನೆಯ ಶೆಡ್ಡು ಖಾಲಿಯಾದ ಮೇಲೆ ಅಪ್ಪ, ಮಗಳು ಇಬ್ಬರೂ ಮಣ್ಣೆತ್ತುವ ಗಾಡಿಯ ಆಚೀಚೆ ಕುಕ್ಕರುಗಾಲಲ್ಲಿ ಕೂತು ಟೈರಿನ ಸಂದಿಯಲ್ಲಿ ಸಿಕ್ಕಿಕೊಂಡ ಜೇಡಿಮಣ್ಣು ಕೀಳುತ್ತಿದ್ದರು. ಎಡಗಡೆಯ ಎರಡು ಚಕ್ರ ಅಪ್ಪನ ಪಾಲಿಗೆ, ಬಲಗಡೆಯ ಎರಡು ಮಗಳ ಪಾಲಿಗೆ. ಕಬ್ಬಿಣ ತಾಗಿದರೆ ರಬ್ಬರು ಸೀಳುತ್ತದೆಂದು ಇಬ್ಬರ ಕೈಯಲ್ಲೂ ಮರದ ಚಕ್ಕೆ. ಒಣಗಿದ ಮಣ್ಣು ಬಿಲ್ಲೆ ಬಿಲ್ಲೆಯಾಗಿ ಎದ್ದು ನೆಲಕ್ಕೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹತ್ತು ವರ್ಷದಿಂದ ಈ ಕೆಲಸ ಹೀಗೇ ನಡೆದುಬಂದಿತ್ತು. ನಡುವೆ ಮಾತು ಬೇಕೆಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ಮುಂದಿನ ಚಕ್ರ ಮುಗಿಸಿ ಅಂಗೈಯಲ್ಲಿ ಒರೆಸುವಾಗ ಅವಳ ಕೈ ತಟಕ್ಕನೆ ನಿಂತಿತು. ಟೈರಿನ ದಪ್ಪ ಹಲ್ಲುಗಳನ್ನು ಬಲದಿಂದ ಎಡಕ್ಕೆ ಸವರಿದರೆ ನುಣುಪು. ಎಡದಿಂದ ಬಲಕ್ಕೆ ಸವರಿದರೆ ಬೆರಳಿಗೆ ತಡೆಯುತ್ತದೆ, ಬೆಕ್ಕಿನ ಮೈಯನ್ನು ಬಾಲದ ಕಡೆಯಿಂದ ಸವರಿದ ಹಾಗೆ. ಪ್ರತಿ ಹಲ್ಲಿನ ಬಲ ಅಂಚು ಸವೆದು ದುಂಡಗಾಗಿತ್ತು, ಎಡ ಅಂಚು ಹೊಸದರಂತೆ ಚೂಪಾಗಿತ್ತು. ಹಿಂದಿನ ಚಕ್ರ ಮುಟ್ಟಿ ನೋಡಿದಳು. ಅಲ್ಲಿ ಇದಕ್ಕೆ ತಿರುವುಮುರುವು. ಗಾಡಿ ಎರಡೂ ಕಡೆ ತಿರುಗುತ್ತಿದ್ದರೆ ಎರಡೂ ಅಂಚು ಸಮನಾಗಿ ಸವೆಯಬೇಕು. ಇದು ಎಷ್ಟೋ ವಾರಗಳಿಂದ ಬರೀ ಬಲಕ್ಕೇ ತಿರುಗಿದ ಗಾಡಿ.

ತಲೆ ಎತ್ತಿದಾಗ ಗಾಡಿಯ ಹೊಟ್ಟೆಯ ಕೆಳಗಿನಿಂದ ಅಪ್ಪ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಮತ್ತೆ ಚಕ್ಕೆ ಆಡಿಸತೊಡಗಿದ, ಬಲಗೈಯಲ್ಲಿ. ಎಡಗೈ ಮಂಡಿಯ ಮೇಲೆ ಅಂಗಾತ ಬಿದ್ದಿತ್ತು.

ಆ ಗಾಡಿಗೆ ಕಾರ್ಖಾನೆಯವರು ಇಟ್ಟಿದ್ದ ಹೆಸರು ಕುಳ್ಳ. ಪೆಟ್ಟಿಗೆಯಂಥ ಗಿಡ್ಡ ಮೈ, ಮುಂದೆ ಮಣ್ಣು ತುಂಬುವ ಬಕೆಟ್ಟು, ಬೆನ್ನಿಗೆ ಎಂಜಿನ್ನು, ನಡುವೆ ಕಬ್ಬಿಣದ ಪಂಜರ, ಪಂಜರದೊಳಗೆ ಅಪ್ಪ. ಮಾಡಿನ ಹೆಂಚು ಮಾಡುವ ಕಾರ್ಖಾನೆ ಅದು. ಹಿಂದುಗಡೆಯ ರಾಶಿಯಿಂದ ಮಣ್ಣು ತುಂಬಿಕೊಂಡು, ಶೆಡ್ಡಿನ ಓಣಿಯಲ್ಲಿ ನೇರ ಬಂದು, ಎರಡು ಕಂಬಗಳ ನಡುವೆ ಎಡಕ್ಕೆ ತಿರುಗಿ, ಮಣ್ಣು ನಾದುವ ಯಂತ್ರದ ಬಾಯಿಗೆ ಸುರಿಯುವುದು ಕುಳ್ಳನ ಕೆಲಸ. ಕಂಬಗಳ ನಡುವೆ ಹನ್ನೆರಡೇ ಅಡಿ. ಬೇರೆ ಗಾಡಿಯಾಗಿದ್ದರೆ ಅಲ್ಲಿ ಹಿಂದೆ ಮುಂದೆ ಹೋಗಿ ಬೆವರು ಸುರಿಸಬೇಕಿತ್ತು. ಕುಳ್ಳ ಮಾತ್ರ ನಿಂತ ಕಾಲಲ್ಲೇ ತಿರುಗಿ ಮುಖ ಮಾಡುತ್ತಿತ್ತು. ಎರಡೂ ಪಕ್ಕಕ್ಕೆ ಒಂದೊಂದು ಗೇಣು ಜಾಗ ಇನ್ನೂ ಉಳಿಯುತ್ತಿತ್ತು.

ಅವಳಿಗೆ ಆರು ವರ್ಷವಿದ್ದಾಗ ಅಪ್ಪನಿಗೆ ಊಟದ ಡಬ್ಬಿ ಕೊಡಲು ಚಿಕ್ಕಮ್ಮನ ಜೊತೆ ಬಂದವಳು ಪಂಜರದೊಳಗೆ ಇಣುಕಿ ನೋಡಿದ್ದಳು. ಎರಡು ಲಿವರ್ ಬಿಟ್ಟರೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಹುಟ್ಟಿದಾಗಿನಿಂದಲೂ ಮಾತು ಕಮ್ಮಿ, ಆದರೂ ಅವತ್ತು ತಾನಾಗಿ ಕೇಳಿದ್ದಳು.

“ಇದಕ್ಕೆ ಸ್ಟೇರಿಂಗ್ ಎಲ್ಲಪ್ಪ?”

“ನೀನು ಕೂಸಾಗಿದ್ದಾಗ ನಿನಗಿತ್ತೇನೇ ಸ್ಟೇರಿಂಗು?” ಎಂದಿದ್ದ ಅಪ್ಪ.

ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈ ಮಗು ಅಂಬೆಗಾಲಿಡಲೇ ಇಲ್ಲವಂತೆ. ಕೂತಲ್ಲೇ ಕುಂಡೆ ಎಳೆದುಕೊಂಡು ಮನೆಯೆಲ್ಲ ಸುತ್ತುತ್ತಿತ್ತಂತೆ. ತಿರುಗಬೇಕೆಂದರೆ ಒಂದು ಕೈ ನೆಲವನ್ನು ಮುಂದಕ್ಕೆ ಒತ್ತುವುದು, ಇನ್ನೊಂದು ಕೈ ಹಿಂದಕ್ಕೆ ಎಳೆಯುವುದು. ಗಿರ್ರನೆ ನಿಂತಲ್ಲೇ ಮುಖ ಬದಲು. ಕುಳ್ಳನದೂ ಅದೇ ವಿದ್ಯೆ ಎಂದು ಅಪ್ಪ ತೋರಿಸಿಕೊಟ್ಟ. ನಾಲ್ಕು ಚಕ್ರಗಳಲ್ಲಿ ಯಾವುದೂ ಸೊಟ್ಟಗೆ ಹೊರಳುವುದಿಲ್ಲ. ಎಡಗಡೆಯ ಎರಡಕ್ಕೆ ಒಂದು ಚೈನು, ಬಲಗಡೆಯ ಎರಡಕ್ಕೆ ಇನ್ನೊಂದು. ಎರಡೂ ಲಿವರ್ ಮುಂದಕ್ಕೆ ತಳ್ಳಿದರೆ ಮುಂದೆ, ಎರಡನ್ನೂ ಎಳೆದರೆ ಹಿಂದೆ. ಎಡದ್ದನ್ನು ಎಳೆದು ಬಲದ್ದನ್ನು ತಳ್ಳಿದರೆ ನಿಂತಲ್ಲೇ ಎಡಕ್ಕೆ, ಬಲದ್ದನ್ನು ಎಳೆದು ಎಡದ್ದನ್ನು ತಳ್ಳಿದರೆ ಬಲಕ್ಕೆ. ಚಕ್ರಗಳು ಉರುಳುತ್ತಲೇ ಅಡ್ಡಡ್ಡ ಜಾರಬೇಕು, ನೆಲವನ್ನು ಉಜ್ಜಬೇಕು. ಅದಕ್ಕೇ ರಬ್ಬರು ಸವೆಯುವುದು.

“ಭಾವನ ಗಾಡಿ ಸವೆಸೋದು ಟೈರು, ನೀನು ಸವೆಸಿದ್ದು ಚಡ್ಡಿ. ಹೊಲಿದು ಹೊಲಿದು ನನ್ನ ಬೆರಳೂ ಸವೀತು,” ಎಂದಿದ್ದಳು ಚಿಕ್ಕಮ್ಮ.

ಅಮ್ಮ ತೀರಿಕೊಂಡ ವರ್ಷ ಇವರನ್ನು ನೋಡಿಕೊಳ್ಳಲೆಂದು ಬಂದ ಅಮ್ಮನ ತಂಗಿ ಅವಳು. ಬಂದವಳು ಹಿಂದಿರುಗಲಿಲ್ಲ, ಅದೇ ಕಾರ್ಖಾನೆಯಲ್ಲಿ ಹಸಿ ಹೆಂಚಿನ ಅಂಚು ಕೆರೆದು ನಯ ಮಾಡುವ ಕೆಲಸಕ್ಕೆ ಸೇರಿಕೊಂಡಳು. ಅಪ್ಪ, ಮಗಳು ಆಡದೆ ಬಿಟ್ಟ ಮಾತುಗಳನ್ನೆಲ್ಲ ಆ ಮನೆಯಲ್ಲಿ ಆಡುತ್ತಿದ್ದವಳು ಅವಳೊಬ್ಬಳೇ.

ಎಂಟನೇ ತರಗತಿಯಲ್ಲಿ ಎದ್ದು ನಿಂತು ಓದು ಎಂದಾಗಲೆಲ್ಲ ಹುಡುಗಿಯ ಗಂಟಲು ಕಟ್ಟುತ್ತಿತ್ತು. ಮೇಷ್ಟ್ರು ಕಾಯುವುದು, ತರಗತಿ ಕಿಸಕ್ಕೆನ್ನುವುದು, ಇವಳು ನೆಲ ನೋಡುತ್ತಾ ನಿಲ್ಲುವುದು. ಒಂದು ದಿನ ಚೀಲ ತಗಲಿಸಿಕೊಂಡು ಹೊರಟವಳು ಶಾಲೆಯ ದಾರಿ ಬಿಟ್ಟು ಶೆಡ್ಡಿಗೆ ಬಂದು ಮಣ್ಣಿನ ರಾಶಿಯ ಪಕ್ಕ ಕೂತಳು. ಅಪ್ಪ ಬೈಯಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಸಂಜೆ ಕುಳ್ಳನನ್ನು ನಿಲ್ಲಿಸಿ ಒಂದು ಮರದ ಚಕ್ಕೆ ಕೆತ್ತಿ ಅವಳ ಕೈಗಿಟ್ಟ. ಚೀಲ ಆಮೇಲೆ ಮನೆಯ ಮೊಳೆಯಿಂದ ಇಳಿಯಲಿಲ್ಲ. ಹೆಂಚಿನ ಹಲಗೆ ಹೊರುವ ಹೆಂಗಸರು ಅವಳನ್ನು ಮೊದಮೊದಲು ಗುಮ್ಮನಗುಸುಕಿ ಎಂದು ಕರೆದು, ಬರಬರುತ್ತಾ ಗುಮ್ಮಿ ಎಂದು ಮೊಟಕು ಮಾಡಿಕೊಂಡರು. ವಯಸ್ಸು ತುಂಬಿದ ಮೇಲೆ ಅವಳೂ ಅವರ ಜೊತೆ ಹಲಗೆ ಹೊತ್ತಳು. ಹೆಸರು ಮಾತ್ರ ಉಳಿಯಿತು.

ಆ ವರ್ಷಗಳಲ್ಲಿ ಅಪ್ಪನ ಕೈ ನೋಡಬೇಕಿತ್ತು. ಕಂಬಗಳ ನಡುವೆ ಬಂದರೆ ಎರಡು ಮುಂಗೈ ಚೂರು ಅಲುಗುವುದು, ಅಷ್ಟೇ. ಕುಳ್ಳ ಸಾಬೂನಿನ ಮೇಲೆ ಕೂತ ಹಾಗೆ ಸರಕ್ಕನೆ ಎಡಕ್ಕೆ ಜಾರಿ ನಿಲ್ಲುತ್ತಿತ್ತು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನೆಲಕ್ಕೆ ನೀರು ಚಿಮುಕಿಸಿ ಮಗಳಿಗೋಸ್ಕರ ಟೈರಿನಲ್ಲೇ ಹೂ ಬಿಡಿಸುತ್ತಿದ್ದ. ಒಂದು ಸುತ್ತು ಎಡಕ್ಕೆ, ಚೂರು ಮುಂದೆ, ಒಂದು ಸುತ್ತು ಬಲಕ್ಕೆ. ಮಣ್ಣಿನ ತೆಳು ಕೆಸರಿನಲ್ಲಿ ಬಳೆಯೊಳಗೆ ಬಳೆ ಮೂಡುತ್ತಿದ್ದವು. ಮರುದಿನ ಬೆಳಿಗ್ಗೆ ಅದು ಒಣಗಿ ಬಿಳಿಚಿಕೊಂಡಿರುತ್ತಿತ್ತು. ಹೆಂಗಸರು ಅದರ ಮೇಲೇ ನಡೆದುಕೊಂಡು ಹೋಗುವಾಗ ಅವಳು ಮಾತ್ರ ಬದಿಗೆ ಸರಿದು ಸುತ್ತುಬಳಸಿ ಹೋಗುತ್ತಿದ್ದಳು.

ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಬಕೆಟ್ಟು ತುಂಬಿರಬೇಕು, ಇಲ್ಲವೇ ಖಾಲಿ ಇರಬೇಕು. ಅರ್ಧ ಬಕೆಟ್ಟು ಹೊತ್ತು ತಿರುಗಬಾರದು. ಖಾಲಿ ಇದ್ದರೆ ಎಂಜಿನ್ನಿನ ಭಾರ ಹಿಂದಿನ ಚಕ್ರಗಳ ಮೇಲೆ ಕೂರುತ್ತದೆ, ಮುಂದಿನವು ಹಗುರಾಗಿ ಜಾರುತ್ತವೆ. ತುಂಬಿದ್ದರೆ ಭಾರ ಮುಂದಕ್ಕೆ ಬರುತ್ತದೆ, ಹಿಂದಿನವು ಜಾರುತ್ತವೆ. ಅರ್ಧ ಇದ್ದರೆ ನಾಲ್ಕೂ ಚಕ್ರ ನೆಲವನ್ನು ಸಮವಾಗಿ ಕಚ್ಚಿಕೊಳ್ಳುತ್ತವೆ; ಯಾವುದೂ ಬಿಟ್ಟುಕೊಡುವುದಿಲ್ಲ, ಗಾಡಿ ಕುಪ್ಪಳಿಸುತ್ತದೆ. “ಇಬ್ಬರು ಹಠ ಮಾಡ್ಬೇಕು, ಇಬ್ಬರು ಸೋಲ್ಬೇಕು. ಆಗ್ಲೇ ತಿರುಗೋದು,” ಎನ್ನುತ್ತಿದ್ದ. ಗಾಡಿಯ ವಿಷಯಕ್ಕೆ ಬಂದರೆ ಅವನಿಗೂ ನಾಲ್ಕು ಮಾತು ಬರುತ್ತಿತ್ತು.

ಇದೆಲ್ಲ ಅವಳಿಗೆ ಆ ಶನಿವಾರ ಚಕ್ರದ ಪಕ್ಕ ಕೂತಿದ್ದಾಗ ಒಂದೊಂದಾಗಿ ನೆನಪಿಗೆ ಬಂತು. ಅದರ ಬೆನ್ನಿಗೇ ಇತ್ತೀಚಿನ ಆ ಮುಕ್ಕಾಲು ಸುತ್ತೂ ಬಂತು.

ಎರಡು ತಿಂಗಳಿಂದ ಅಪ್ಪ ಕಂಬಗಳ ನಡುವೆ ಎಡಕ್ಕೆ ಕಾಲು ಸುತ್ತು ತಿರುಗುವ ಬದಲು ಬಲಕ್ಕೆ ಮುಕ್ಕಾಲು ಸುತ್ತು ಹೊಡೆದು ಅದೇ ಕಡೆಗೆ ಮುಖ ಮಾಡುತ್ತಿದ್ದ. ಮೊದಲ ದಿನ ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು. ಡ್ರೈವರಣ್ಣನಿಗೆ ಐವತ್ತೈದಕ್ಕೆ ಹುರುಪು ಬಂತು, ಕುಣಿಯೋಕೆ ಶುರು ಮಾಡಿದ ಎಂದು ನಗಾಡಿದರು. ಅಪ್ಪನೂ ಪಂಜರದೊಳಗಿಂದ ಸಲಾಮು ಹೊಡೆದ. ಮೇಸ್ತ್ರಿ ಕೂಡ ನಕ್ಕು ಸುಮ್ಮನಾದ. ಅವಳು ಮಾತ್ರ ತಲೆಯ ಮೇಲಿನ ಹಲಗೆ ಇಳಿಸುವುದನ್ನೂ ಮರೆತು ಅಪ್ಪನ ಎಡಗೈಯನ್ನೇ ನೋಡುತ್ತಾ ನಿಂತಿದ್ದಳು. ಆ ಕೈಯ ಬೆರಳುಗಳು ಲಿವರನ್ನು ಹಿಡಿದಿರಲಿಲ್ಲ. ಅಂಗೈಯ ಬುಡ ಅದನ್ನು ಒತ್ತುತ್ತಿತ್ತು.

ತಳ್ಳಲು ಅಂಗೈ ಸಾಕು. ಎಳೆಯಲು ಬೆರಳಿನ ಹಿಡಿತ ಬೇಕು. ಗಾಡಿಯನ್ನು ನೇರ ಹಿಂದಕ್ಕೆ ತರುವಾಗ ಎಡ ಮುಂಗೈಯನ್ನು ಲಿವರಿಗೆ ಕೊಕ್ಕೆಯಂತೆ ಸಿಕ್ಕಿಸಿ ಮೈಯನ್ನೇ ಹಿಂದಕ್ಕೆ ವಾಲಿಸುತ್ತಿದ್ದ. ಎರಡನ್ನೂ ಒಟ್ಟಿಗೆ ಎಳೆಯುವುದಕ್ಕೆ ಅದು ನಡೆಯುತ್ತಿತ್ತು. ಒಂದನ್ನು ಎಳೆಯುತ್ತಾ ಇನ್ನೊಂದನ್ನು ತಳ್ಳಬೇಕೆಂದರೆ ಮೈ ಎರಡು ಕಡೆ ವಾಲುವುದಿಲ್ಲ. ಎಡದ್ದನ್ನು ಸುಮ್ಮನೆ ಬಿಟ್ಟು ಬಲದ್ದನ್ನು ಮಾತ್ರ ತಳ್ಳಿದರೂ ಗಾಡಿ ಎಡಕ್ಕೆ ಹೊರಳುತ್ತದೆ ನಿಜ, ಆದರೆ ಅದಕ್ಕೆ ಜಾಗ ಹೆಚ್ಚು ಬೇಕು. ಕಂಬ ಬಿಡುವುದಿಲ್ಲ.

ಇದನ್ನು ಮೇಸ್ತ್ರಿಗೆ ಹೇಳಿದರೆ ಏನಾಗುತ್ತದೆಂದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೇಟಿನ ಪಕ್ಕ ಒಂದು ಸ್ಟೂಲು ಇತ್ತು. ಕಣ್ಣು ಮಂಜಾದ ಲಾರಿ ಡ್ರೈವರನನ್ನು ಅದರ ಮೇಲೆ ಕೂರಿಸಿದ್ದರು. ಇಡೀ ದಿನ ಬಾಗಿಲು ತೆಗೆಯುವುದು, ಹಾಕುವುದು. ಒಂದು ಕಾಲಕ್ಕೆ ಲಾರಿ ಹಾರ್ನಿನಲ್ಲೇ ಹಾಡು ಬಾರಿಸುತ್ತಿದ್ದ ಮನುಷ್ಯ. ವರ್ಷ ತುಂಬುವುದರೊಳಗೆ ಕರೆದರೂ ತಿರುಗಿ ನೋಡದಂತಾದ. ಅವನ ಎದುರು ಹಾದುಹೋಗುವಾಗ ಅಪ್ಪ ಯಾವತ್ತೂ ಬೇರೆ ಕಡೆ ನೋಡುತ್ತಿದ್ದ. ಒಮ್ಮೆ ಊಟಕ್ಕೆ ಕೂತಾಗ, ನನ್ನನ್ನು ಬೇಕಾದರೆ ಮಣ್ಣಿನ ರಾಶಿಗೇ ಹಾಕಿ, ಆ ಸ್ಟೂಲಿಗೆ ಮಾತ್ರ ಬೇಡ ಎಂದಿದ್ದ. ತಮಾಷೆಗೆ ಅಂದದ್ದಲ್ಲ.

ಅವಳೂ ಬಾಯಿಗೆ ಬೀಗ ಹಾಕಿಕೊಂಡಳು. ಅಷ್ಟೇ ಆಗಿದ್ದರೆ ಬೇರೆ ಮಾತು. ಆ ಶನಿವಾರವೇ ಜಾಕಿ ಕೊಟ್ಟು, ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಬದಲಿಸಿದಳು. ಇನ್ನು ಮೇಲೆ ಚೂಪಾಗಿ ಉಳಿದ ಅಂಚುಗಳೂ ಸವೆದು ಹಲ್ಲು ಸಮನಾಗುತ್ತದೆ. ತಿಂಗಳಿಗೊಮ್ಮೆ ಬರುವ ಮೆಕ್ಯಾನಿಕ್ಕಿನ ಕೈಗೆ ಏನೂ ತಡೆಯುವುದಿಲ್ಲ. ನಟ್ಟು ಬಿಗಿಯುವಾಗ ಅಪ್ಪ ಬಂದು ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ಒತ್ತಿದ. ಎರಡು ವಾರಕ್ಕೊಮ್ಮೆ ಅದೊಂದು ರೂಢಿಯಾಯಿತು.

ಮನೆಯಲ್ಲೂ ಅದೇ ಕಥೆ. ಒಂದು ದಿನ ಒಗೆದ ಬಟ್ಟೆ ಮಡಿಸುವಾಗ ನೋಡಿದರೆ ಅಪ್ಪನ ಅಂಗಿಗಳ ಗುಂಡಿಗಳೆಲ್ಲ ಹೋಗಿ ಒಂದೇ ಕೈಯಲ್ಲಿ ಹಾಕಬಹುದಾದ ಒತ್ತುಗುಂಡಿಗಳು ಬಂದಿದ್ದವು. ಚಿಕ್ಕಮ್ಮನ ಹೊಲಿಗೆ. ಬಡಬಡನೆ ಮಾತಾಡುವ ಹೆಂಗಸು, ಅದರ ಬಗ್ಗೆ ಒಂದಕ್ಷರ ಆಡಿರಲಿಲ್ಲ. ಮೂವರಿಗೂ ಗೊತ್ತು, ಮೂವರಿಗೂ ಇನ್ನಿಬ್ಬರಿಗೆ ಗೊತ್ತಿರುವುದು ಗೊತ್ತು, ಮೂವರೂ ಒಂದೇ ದೀಪದ ಕೆಳಗೆ ಕೂತು ಉಣ್ಣುತ್ತಿದ್ದರು. ಹಾಗೇ ನಡೆದುಹೋಗುತ್ತಿತ್ತೇನೋ.

ಮೇಸ್ತ್ರಿ ಕೆಟ್ಟವನಲ್ಲ. ಹಸಿ ಹೆಂಚಿಗೆ ಕಿಟಕಿಯ ಗಾಳಿ ಸಿಗಲೆಂದು ಒಣಗಿಸುವ ರ್‍ಯಾಕುಗಳನ್ನು ಓಣಿಯ ಬಲಗಡೆಗೆ, ಕಂಬದ ಒಳಕ್ಕೆ ತಂದಿಡಿಸಿದ. ಹನ್ನೆರಡು ಅಡಿಯಲ್ಲಿ ಒಂದು ಗೇಣು ಹೋಯಿತು. ಎಡಕ್ಕೆ ತಿರುಗುವ ಗಾಡಿಗೆ ಅದರಿಂದ ಏನೂ ತೊಂದರೆಯಿರಲಿಲ್ಲ; ಬಕೆಟ್ಟು ಆ ಕಡೆ ಸುಳಿಯುವುದೇ ಇಲ್ಲ. ಬಲಕ್ಕೆ ಸುತ್ತುವ ಗಾಡಿಗೆ ಮಾತ್ರ ಬಕೆಟ್ಟಿನ ಮೂಲೆ ರ್‍ಯಾಕನ್ನು ಸವರಿಕೊಂಡೇ ಹೋಗಬೇಕು. ಅಂಚು ಕೆರೆಯುವ ಹೆಂಗಸರೂ ಬೆಳಕಿಗೆಂದು ಅಲ್ಲಿಗೇ ಬಂದು ಕೂತರು. ಯಾರೂ ದಾಟಬಾರದೆಂದು ಮೇಸ್ತ್ರಿ ನೆಲದ ಮೇಲೆ ಹಳದಿ ಗೆರೆ ಎಳೆಸಿದ.

ಮೊದಲ ಬೆಳಿಗ್ಗೆ ಅಪ್ಪ ಓಣಿಯ ನಡುವೆ ಗಾಡಿ ನಿಲ್ಲಿಸಿ ಆ ರ್‍ಯಾಕನ್ನು ಒಂದು ಗಳಿಗೆ ನೋಡಿದ. ಆಮೇಲೆ ಎಂದಿನಂತೆ ಬಲಕ್ಕೆ ಸುತ್ತಿದ, ಬಲು ನಿಧಾನವಾಗಿ. ಮೂಲೆ ಎರಡು ಬೆರಳು ಅಂತರದಲ್ಲಿ ಹಾದುಹೋಯಿತು. ವಾರವಿಡೀ ಹಾಗೇ ಹಾದುಹೋಯಿತು. ಪ್ರತಿ ಸುತ್ತಿಗೂ ಅವಳು ಹಲಗೆ ಹೊತ್ತುಕೊಂಡೇ ಉಸಿರು ಬಿಗಿಹಿಡಿಯುತ್ತಿದ್ದಳು, ಗಾಡಿ ನಿಂತ ಮೇಲೆ ಬಿಡುತ್ತಿದ್ದಳು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಇವತ್ತು ಹೇಳಬೇಕು ಎಂದುಕೊಳ್ಳುವುದು, ಚಪ್ಪಲಿ ಬಿಡುವಾಗ ನಾಳೆ ಎಂದುಕೊಳ್ಳುವುದು.

ಗುರುವಾರ ಸಂಜೆಯ ಹೊತ್ತಿಗೆ ಮಣ್ಣಿನ ರಾಶಿ ತಳ ಕಂಡಿತ್ತು. ಕೊನೆಯ ಬಕೆಟ್ಟು ಅರ್ಧವೂ ತುಂಬಲಿಲ್ಲ. ಯಂತ್ರ ಖಾಲಿ ತಿರುಗುತ್ತಿದೆ, ಬೇಗ ಬಾ ಎಂದು ಆ ಕಡೆಯಿಂದ ಕೂಗು ಬಂತು. ಅಪ್ಪ ಅಷ್ಟನ್ನೇ ಹೊತ್ತು ಬಂದ. ಕಂಬಗಳ ನಡುವೆ ಬಂದು ಬಲಕ್ಕೆ ಸುತ್ತತೊಡಗಿದಾಗ ನಾಲ್ಕೂ ಚಕ್ರ ನೆಲ ಕಚ್ಚಿದವು. ಕುಳ್ಳ ಒಮ್ಮೆ ಕುಪ್ಪಳಿಸಿತು, ಎರಡನೆಯ ಸಲ ಕುಪ್ಪಳಿಸಿದಾಗ ಬಕೆಟ್ಟಿನ ಮೂಲೆ ರ್‍ಯಾಕಿನ ಕಾಲಿಗೆ ಬಡಿಯಿತು. ಮೇಲಿನ ಹಲಗೆ ಹೆಂಚುಗಳ ಸಮೇತ ಕೆಳಗೆ ಬಂತು. ಬಿದ್ದದ್ದು ಚಿಕ್ಕಮ್ಮನ ಮಂಡಿಯ ಮುಂದೆ, ಅವಳು ಆಗಷ್ಟೇ ಕೈ ಹಿಂದಕ್ಕೆ ತೆಗೆದುಕೊಂಡ ಜಾಗದಲ್ಲಿ. ಹಸಿ ಹೆಂಚುಗಳು ಹಿಟ್ಟಿನ ಮುದ್ದೆಯಂತೆ ಚಪ್ಪಟೆಯಾದವು.

ಅಪ್ಪ ಎಂಜಿನ್ನು ಆರಿಸಿದ. ಹೆಂಗಸರು ಓಡಿ ಬಂದು ಚಿಕ್ಕಮ್ಮನ ಕೈಕಾಲು ಮುಟ್ಟಿ ಮುಟ್ಟಿ ನೋಡಿದರು. ಗೀರೂ ಆಗಿರಲಿಲ್ಲ. ಮೇಸ್ತ್ರಿ ಬಂದವನು ಹಲಗೆ ನೋಡಿದ, ರ್‍ಯಾಕು ನೋಡಿದ, ಕೊನೆಗೆ ನೆಲ ನೋಡಿದ. ಚಿಕ್ಕಮ್ಮನ ಮಣೆ ಹಳದಿ ಗೆರೆ ದಾಟಿ ನಾಲ್ಕು ಬೆರಳು ಓಣಿಯ ಕಡೆಗಿತ್ತು.

“ಗೆರೆ ಯಾಕಮ್ಮ ಹಾಕಿಸಿದ್ದು ನಾನು?” ಎಂದ. “ಇಪ್ಪತ್ತಾರು ವರ್ಷದಿಂದ ಡ್ರೈವರಣ್ಣ ಇದೇ ಜಾಗದಲ್ಲಿ ತಿರುಗಿಸ್ತಿದ್ದಾನೆ. ಒಂದು ಹೆಂಚಿಗೂ ತಾಗಿಸಿದೋನಲ್ಲ. ನಿನ್ನನ್ನ ತಪ್ಪಿಸೋಕೆ ಹೋಗಿ ಹೀಗಾಗಿದೆ.”

ಅದು ಹಾಗಲ್ಲವೆಂದು ಹೇಳಬಲ್ಲವನು ಪಂಜರದೊಳಗೆ ಎರಡೂ ಲಿವರಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

ಹೇಳಿದ ಮಾತು ಕೇಳದವರಿಗೆ ಈ ಶೆಡ್ಡಿನಲ್ಲಿ ಜಾಗವಿಲ್ಲ, ನಾಳೆಯಿಂದ ಸುಡುವ ಗೂಡಿನ ಕಡೆ ಹೋಗಲಿ ಎಂದು ಮೇಸ್ತ್ರಿ ತೀರ್ಮಾನ ಕೊಟ್ಟ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೂಡಿನ ಬಳಿ ಬೂದಿ, ಹೊಗೆ, ಝಳ. ಚಿಕ್ಕಮ್ಮನಿಗೆ ಉಬ್ಬಸ. ಒಲೆಯಲ್ಲಿ ಹಸಿ ಕಟ್ಟಿಗೆ ಇಟ್ಟ ದಿನ ರಾತ್ರಿಯೆಲ್ಲ ಗೋಡೆಗೊರಗಿ ಕೂತೇ ಬೆಳಗು ಮಾಡುವವಳು.

ಅವಳು ಅದನ್ನೂ ಹೇಳಲಿಲ್ಲ. ಕೆರೆಯುವ ಚಾಕುವನ್ನು ಬಟ್ಟೆಗೆ ಒರೆಸಿ, ಬಟ್ಟೆಯನ್ನು ನಾಲ್ಕು ಮಡಿಕೆ ಮಡಿಸಿದಳು.

“ಆಗ್ಲಿ ಬಿಡಿ ಮೇಸ್ತ್ರಿ. ಚಳಿಗಾಲ ಬಂತು, ಬೆಚ್ಚಗಿರ್ತೀನಿ,” ಎಂದಳು. ಯಾರೂ ನಗಲಿಲ್ಲ. ಮಣೆ ಎತ್ತಿಕೊಳ್ಳುವಾಗ ಅಕ್ಕನ ಮಗಳ ಕಡೆ ನೋಡಿ, ಬೇಡ ಎನ್ನುವಂತೆ ಕಂಡೂ ಕಾಣದ ಹಾಗೆ ತಲೆಯಾಡಿಸಿದಳು.

ಗುಮ್ಮಿ ತಲೆಯ ಮೇಲಿನ ಖಾಲಿ ಹಲಗೆಯನ್ನು ಇಳಿಸಿ ಗೋಡೆಗೆ ಒರಗಿಸಿದಳು. ತರಗತಿಯಲ್ಲಿ ಎದ್ದು ನಿಂತಾಗಿನಂತೆಯೇ ಮೂವತ್ತು ಜನ ನೋಡುತ್ತಿದ್ದರು. ಓಣಿ ದಾಟಿ ಪಂಜರದ ಹತ್ತಿರ ಹೋದಳು. ಅಪ್ಪ ಅವಳನ್ನು ನೋಡಲಿಲ್ಲ. ಬಕೆಟ್ಟಿನಲ್ಲಿದ್ದ ಅರ್ಧ ಮಣ್ಣನ್ನು ನೋಡುತ್ತಿದ್ದ. ಎಡಗೈಯ ಬೆರಳುಗಳು ಲಿವರಿನ ಸುತ್ತ ಸುಮ್ಮನೆ ಒರಗಿಕೊಂಡಿದ್ದವು. ಆ ಬೆರಳುಗಳೇ ಒಂದು ಕಾಲಕ್ಕೆ ಅವಳಿಗೆಂದು ನೆಲದ ತುಂಬ ಬಳೆ ಬಿಡಿಸಿದ್ದವು. ಅವಳಿಗೆ ಅವುಗಳನ್ನು ತನ್ನ ಕೈಯಲ್ಲಿ ಮುಚ್ಚಿಕೊಳ್ಳಬೇಕೆನ್ನಿಸಿತು.

“ಅಪ್ಪ,” ಎಂದಳು. ದನಿ ಅವಳಿಗೇ ಕೇಳಲಿಲ್ಲ. ಇನ್ನೊಮ್ಮೆ, ಕೊನೆಯ ಕಂಬದವರೆಗೆ ಕೇಳುವಂತೆ ಎಂದಳು:

“ಅಪ್ಪ, ಒಂದ್ಸಲ ಎಡಕ್ಕೆ ತಿರುಗಿಸಿ ತೋರಿಸಪ್ಪ.”